ಎರಡನೇ ಕಾವು ಕಾಣದ ಕಮಾನು

ನಿಮಗೂ ಹೀಗಾಗಿದೆಯೇ? ಬಾಯಿಂದ ಒಂದು "ಹೂಂ" ಜಾರಿ ಬೀಳುತ್ತದೆ. ಆಮೇಲೆ ಹದಿನಾರು ವರ್ಷ ಒದ್ದಾಡಿದರೂ ಅದನ್ನು ವಾಪಸು ತೆಗೆದುಕೊಳ್ಳಲು ಆಗುವುದಿಲ್ಲ—ಆಗಿದೆಯೇ, ಹೇಳಿ? ನನಗಾಗಿದೆ. ಸುತ್ತಿ ಬಳಸುವುದು ನನಗೆ ಬರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಾರಾಯಣಖೇಡದ ಕಮ್ಮಾರ ಮೋನಪ್ಪನ ಕುಲುಮೆ ಆರಿದ್ದು ನನ್ನಿಂದ. ಅವನು ಬೇಡ ಅಂದದ್ದನ್ನು ನಾನು ಮಾಡಿದೆ. ಅದು ಕೆಟ್ಟಾಗ, ಅವನೇ ಮಾಡು ಅಂದ ಎಂದೆ. ಊರು ನನ್ನನ್ನು ನಂಬಿತು.

ನಾನು ವೀರಣ್ಣ, ಮೋಟಾರಿನ ಡ್ರೈವರ್. ಸಾವಕಾರ ಶಂಕ್ರಪ್ಪನವರ ಗಾಡಿ ಓಡಿಸುತ್ತೇನೆ. ನಮ್ಮ ಊರಿಗೆ ಮೊದಲು ಬಂದ ಮೋಟಾರು ಅದೇ, ಅದನ್ನು ಮೊದಲು ಓಡಿಸಿದವನೂ ನಾನೇ. ಈಗ ತಲೆ ನರೆತಿದೆ. ಆಗ ಇಪ್ಪತ್ತಾರರ ವಯಸ್ಸು—ಹಾರನ್ ಒತ್ತಿದರೆ ಪೇಟೆಯ ಜನ ದಾರಿ ಬಿಡುತ್ತಿದ್ದರು. ನನಗಾಗಿ ಬಿಡುತ್ತಾರೆ ಅಂದುಕೊಂಡಿದ್ದೆ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸಡಕಿನ ತುಂಬ ಕೊರಕಲು ಬಿದ್ದಿತ್ತು. ದೀಪಾವಳಿ ಇನ್ನೂ ಆರು ದಿನ ಇರುವಾಗ ಹಿಂದಿನ ಎಡಗಾಲಿಯ ಕಮಾನು ಮುರಿಯಿತು. ಮೋಟಾರಿನ ಅಡಿ ನೋಡದವರಿಗೆ ಹೇಳುತ್ತೇನೆ: ಬಿಲ್ಲಿನ ಹಾಗೆ ಬಾಗಿದ ಆರೇಳು ಕಬ್ಬಿಣದ ಪಟ್ಟಿ ಒಂದರ ಮೇಲೊಂದು ಇರುತ್ತವೆ, ಗಾಡಿಯ ಭಾರವೆಲ್ಲ ಅವುಗಳ ಮೇಲೆ. ಎಲ್ಲಕ್ಕಿಂತ ಉದ್ದನೆಯ ಪಟ್ಟಿಯ ಎರಡೂ ತುದಿ ಉಂಗುರದ ಹಾಗೆ ಸುತ್ತಿಕೊಂಡಿರುತ್ತವೆ, ಅಲ್ಲೇ ಅದು ಗಾಡಿಗೆ ಸಿಕ್ಕಿಕೊಂಡಿರುವುದು. ಮುರಿದದ್ದು ಅದೇ ಪಟ್ಟಿ, ಆ ಉಂಗುರದ ಹತ್ತಿರವೇ.

ಪಾಡ್ಯದ ದಿನ ಬೆಳಿಗ್ಗೆ ಸಾವಕಾರರ ಮನೆಯವರೆಲ್ಲ ತಾಂಡೂರಿಗೆ ಹೋಗುವುದಿತ್ತು. ಅವರ ತಮ್ಮನಿಗೆ ಹೆಣ್ಣು ಗೊತ್ತಾಗಿ ಸಕ್ಕರೆ ಹಂಚುವ ಕಾರ್ಯ. ಸಾವಕಾರರು ಅಂದರು:

"ವೀರಣ್ಣ, ಗ್ಯಾರೇಜಿಗಿ ಬಿಡ್ತಿಯೋ, ನೀನೇ ಮಾಡ್ತಿಯೋ, ನಿನಗ ಬಿಟ್ಟದ್ದು. ಆಗಾಂಗಿಲ್ಲಂದ್ರ ಈಗೇ ಹೇಳು. ಕರೀಮ್ ಉಸ್ತಾದಂದು ಬಾಡಗಿ ಮೋಟಾರ್ ತರಸ್ತೀನಿ."

ಕರೀಮ್ ಉಸ್ತಾದ್ ಅಂದರೆ ಜಹೀರಾಬಾದ್ ಸ್ಟೇಷನ್ ಹತ್ತಿರ ತಗಡಿನ ಶೆಡ್ಡಿನಲ್ಲಿ ಗ್ಯಾರೇಜು ಇಟ್ಟವನು. ಮುರಿದ ಪಟ್ಟಿಯನ್ನು ಗೋಣಿಯಲ್ಲಿ ಸುತ್ತಿಕೊಂಡು ಅವನ ಹತ್ತಿರ ಹೋದೆ. ಕೈಯಲ್ಲಿ ಹಿಡಿದು ತೂಗಿ ನೋಡಿದ.

"ನವಾ ಪಟ್ಟಿ ಹೈದರಾಬಾದ್‌ನಿಂದ ಬರಬೇಕು. ಎಂಟ್ ದಿನಾ. ಗಾಡಿ ತಂದು ಬಿಡು."

"ಎಂಟ್ ದಿನಾ ಆಗಾಂಗಿಲ್ಲ ಉಸ್ತಾದ್. ನಾನೇ ಕೂಡಸ್ತೀನಿ."

"ನೀನಾ?" ನಕ್ಕ. "ಅರೇ ಮಿಯಾ, ಎತ್ತಿನ ಬಂಡಿ ತಿಳದೀಯೇನು? ಹಗ್ಗಾ ಬಿಗದು 'ಹೋ' ಅಂದ್ರ ನಡ್ಯಾಕ?"

ಶೆಡ್ಡಿನಲ್ಲಿದ್ದವರೂ ನಕ್ಕರು. ಅಷ್ಟೇ. ಅದಕ್ಕಿಂತ ಹೆಚ್ಚಿನ ಅವಮಾನವೇನೂ ಆಗಿರಲಿಲ್ಲ. ಆದರೆ ಊರಿಗೆ ತಿರುಗುವ ದಾರಿಯುದ್ದಕ್ಕೂ ಪಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದೆ. ಬಿಡಲೇ, ಮಾಡಲೇ? ಬಿಟ್ಟರೆ ಪಾಡ್ಯದ ದಿನ ಸಾವಕಾರರ ಬಾಗಿಲಿಗೆ ಕರೀಮನ ಮೋಟಾರು ಬಂದು ನಿಲ್ಲುತ್ತದೆ, ನಾನು ಕಟ್ಟೆಯ ಮೇಲೆ ಕೂತು ನೋಡಬೇಕು. ಮಾಡಿದರೆ—ಮಾಡಿದರೆ ಏನು ಎಂಬುದನ್ನು ನಾನು ಪೂರ್ತಿ ಯೋಚಿಸಲೇ ಇಲ್ಲ.

ಮೋನಪ್ಪನ ಹತ್ತಿರ ಹೋದೆ. ಊರ ನೇಗಿಲು, ಕುಡುಗೋಲು, ಬಂಡಿಯ ಹಳಿ, ಎಲ್ಲ ಅವನ ಕೈಯಲ್ಲೇ. ರಾಶಿಯ ದಿನ ಪ್ರತಿ ಕಣದಲ್ಲೂ ಅವನ ಪಾಲಿನ ಜೋಳ ಬೇರೆ ತೆಗೆದಿಡುತ್ತಿದ್ದರು. ಯಾವುದೋ ಲಾರಿಯ ಹಳೆಯ ಕಮಾನು ಅವನ ಹತ್ತಿರ ಬಿದ್ದಿತ್ತು. ಬೇಸಾಯದ ಕೆಲಸ ಮುಗಿಸಿ, ಅಮಾವಾಸ್ಯೆಯ ಹಿಂದಿನ ಸಂಜೆ ಅದನ್ನು ಕೈಗೆತ್ತಿಕೊಂಡ. ಅವನ ಹೆಂಡತಿ ನೀಲಮ್ಮ ತಿದಿ ಒತ್ತಿದಳು. ನಾನು ಇಕ್ಕಳ ಹಿಡಿದೆ. ಕೆಂಪಗೆ ಕಾಸಿ, ಹಳೆಯ ಪಟ್ಟಿಯ ಮೇಲಿಟ್ಟು ಬಾಗು ನೋಡಿ, ತುದಿಗಳನ್ನು ಉಂಗುರ ಸುತ್ತಿ, ನೀರಿನಲ್ಲಿ ಅದ್ದಿದ. ಚುರ್ ಎಂದು ಆವಿ ಎದ್ದಿತು. ಹೊರಗೆ ಬಂದ ಪಟ್ಟಿ ಎಷ್ಟು ಚೆನ್ನಾಗಿತ್ತು ಅಂದರೆ ನಾನು ಆಗಲೇ ಕೈ ಚಾಚಿದೆ.

"ಇದಿನ್ನ ಕಚ್ಚಾ ಅದ, ವೀರಣ್ಣ," ಅಂದ. "ನೀರ್ ಕುಡದದ, ಎರಡನೇ ಕಾವು ಉಂಡಿಲ್ಲ. ಸಣ್ಣ ಬೆಂಕ್ಯಾಗ ಮತ್ತ ಕಾಸಬೇಕು. ಒಣ ಕಡ್ಡಿ ತಿಕ್ಕಿದ್ರ ಹೊಗಿ ಬರಬೇಕು, ಅಲ್ಲೀತನಕ. ಈಗ ಗಾಡಿಗಿ ಹಚ್ಚಿದಿ ಅಂದ್ರ ಗಾಜಿನಂಗ ಒಡೀತದ."

"ಮತ್ತ ಈಗೇ ಕಾಸು."

"ಇದ್ಲಿ ಮುಗದದ, ಹೊತ್ತೂ ಮುಳಗ್ಯಾದ. ನಾಳಿ ಅಮಾಸಿ, ಕುಲುಮಿ ಹೊತ್ತಸಾಂಗಿಲ್ಲ. ಪಾಡ್ಯಾದ ಮುಂಜಾನಿ ಕಾಸಿ ಸಂಜೀತನಕ ಬೂದ್ಯಾಗ ಹುಗಸ್ತೀನಿ. ಅಮಾಸಿ ಮುಗದ ಮ್ಯಾಲ ಬಾ."

"ಪಾಡ್ಯಾದ ಮುಂಜಾನಿಗೇ ತಾಂಡೂರಿಗಿ ಹೋಗೋದದ ಮಾರಾಯ!"

"ಬ್ಯಾರೇ ಮೋಟಾರ್‌ನ್ಯಾಗ ಹೋಗ್ತಾರ. ಮದವಿ ನಿಂದಲ್ಲಲ್ಲ?"

ನೀಲಮ್ಮ ತಿದಿಯ ಹಿಂದಿನಿಂದ ನಕ್ಕಳು: "ಡ್ರೈವರ್ ಸಾಹೇಬಗ ಮದಲಿಂಗನಕಿಂತ ಅವಸರ ಅದ."

ನಾನೂ ನಕ್ಕೆ. ಅಳತೆಯಾದರೂ ನೋಡಿ ತರ್ತೀನಿ ಕೊಡು ಅಂದೆ. ಅವನು ಕೊಟ್ಟ. "ನೋಡಿ ತಂದಿಡು. ಹಚ್ಚಬ್ಯಾಡ," ಅಂದ. ಎರಡು ಸಲ ಅಂದ. ಎರಡು ಸಲ—ಇದನ್ನು ನಾನು ಮರೆತಿದ್ದರೆ ಎಷ್ಟು ಸುಖವಿತ್ತು.

ಅಮಾವಾಸ್ಯೆಯ ದಿನ ಮೋನಪ್ಪ ಸುತ್ತಿಗೆ ಇಕ್ಕಳಗಳಿಗೆ ವಿಭೂತಿ ಹಚ್ಚಿ ಪೂಜೆ ಮಾಡುತ್ತಿದ್ದ ಹೊತ್ತಿನಲ್ಲಿ ನಾನು ಸಾವಕಾರರ ಹಿತ್ತಲಲ್ಲಿ ಗಾಡಿಯನ್ನು ಕಲ್ಲಿನ ಮೇಲೆ ಎತ್ತಿ ನಿಲ್ಲಿಸಿ ಪಟ್ಟಿ ಕೂರಿಸಿದೆ. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಬೋಲ್ಟು ಬಿಗಿದು, ಊರ ಸುತ್ತ ಒಂದು ಸುತ್ತು ಹೊಡೆದೆ. ಗಾಡಿ ನೆಟ್ಟಗಿತ್ತು. ಕಮ್ಮಾರರು ಪ್ರತಿಯೊಂದಕ್ಕೂ ಒಂದು ಶಾಸ್ತ್ರ ಹೇಳುತ್ತಾರೆ, ಗಟ್ಟಿಯಾದ ಕಬ್ಬಿಣ ಗಟ್ಟಿಯೇ ಅಲ್ಲವೇ ಅಂದುಕೊಂಡೆ. ಸಾವಕಾರರು ಬಂದು ನೋಡಿ, "ಭೇಷ್!" ಅಂದರು. ಆ ಒಂದು ಮಾತಿಗೆ ನಾನು—ಹೋಗಲಿ.

ಪಾಡ್ಯದ ದಿನ ಜಹೀರಾಬಾದ್ ದಾಟುವಾಗ ಕರೀಮನ ಶೆಡ್ಡಿನ ಮುಂದೆ ಬೇಕಂತಲೇ ಮೂರು ಸಲ ಹಾರನ್ ಒತ್ತಿದೆ. ಹಿಂದಿನ ಸೀಟಿನಲ್ಲಿ ಸಾವಕಾರರು, ಅವರ ತಮ್ಮ, ತಾಯಿ ಗೌರವ್ವ. ಕೊಹೀರ್ ದಾಟಿ, ಧಾರೂರಿನ ದಾರಿಯಲ್ಲಿ ಒಂದು ಹಳ್ಳದ ಇಳಿಜಾರು. ಗಾಲಿ ಕೊರಕಲಿಗೆ ಇಳಿಯಿತು. ಟಣ್ ಎಂದಿತು—ಹಿತ್ತಾಳೆಯ ತಟ್ಟೆ ಬಿದ್ದ ಹಾಗೆ. ಗಾಡಿ ಎಡಕ್ಕೆ ಕುಸಿದು, ಹೊರಳಿ, ಹಳ್ಳದ ಬದಿಗೆ ಒರಗಿತು. ಮೂವರು ಮೈಕೈ ತರಚಿಕೊಂಡು ಎದ್ದೆವು. ಗೌರವ್ವನ ಎಡಗೈ ಮುಂಗೈ ಮುರಿದಿತ್ತು.

ಕೊಹೀರಿನಲ್ಲಿ ಎಲುಬು ಕೂಡಿಸುವವನು ಬಿದಿರಿನ ಸೀಳು ಇಟ್ಟು ಕಟ್ಟಿದ. ಎರಡು ಜೊತೆ ಎತ್ತು ಕಟ್ಟಿ ಮೋಟಾರನ್ನು ಜಹೀರಾಬಾದಿಗೆ ಎಳೆಸಿದೆವು. ಕರೀಮ್ ಈ ಸಲ ನಗಲಿಲ್ಲ. ತುಂಡಾದ ಜಾಗವನ್ನು ಬಿಸಿಲಿಗೆ ಹಿಡಿದು ನೋಡಿ, "ಕಚ್ಚಾ ಮಾಲು," ಅಂದ. ಸಾವಕಾರರು ನನ್ನ ಕಡೆ ತಿರುಗಿದರು.

"ಯಾರು ಮಾಡಿದ್ದು ಇದು?"

"ಮೋನಪ್ಪರೀ."

"ಕಚ್ಚಾ ಅದ ಅಂತ ಅವಗ ತಿಳೀಲಿಲ್ಲೇನು? ಹಚ್ಚು ಅಂದನೇನು ಅವ?"

ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಇತ್ತು. ಬೇಕಾದಷ್ಟು ಹೊತ್ತು ಅದು.

"ಹೂಂ," ಅಂದೆ.

ಮೋನಪ್ಪನನ್ನು ಸಾವಕಾರರ ಪಡಸಾಲೆಗೆ ಕರೆಸಿದರು. ನೀಲಮ್ಮನೂ ಬಂದಳು. ಅವನು ಹೆಚ್ಚು ಮಾತಾಡುವವನಲ್ಲ. "ವೀರಣ್ಣಗ ಕೇಳ್ರಿ. ಅವ ಹೇಳ್ತಾನ," ಅಂದ. ಅಂದು ನನ್ನನ್ನೇ ನೋಡಿದ. ನಾನು ಹೇಳುತ್ತೇನೆ ಎಂದು ಅವನಿಗೆ ಖಾತ್ರಿಯಿತ್ತು—ಅದೇ ನನ್ನನ್ನು ಇವತ್ತಿಗೂ ಕೂತಲ್ಲಿ ಕೂರಲು ಬಿಡುವುದಿಲ್ಲ. ನಾನು ಕಂಬ ನೋಡಿದೆ. ನೀಲಮ್ಮನೇ ಬಾಯಿಬಿಟ್ಟಳು: "ಎಪ್ಪಾ, ಪಾಡ್ಯಾದ ಮುಂಜಾನಿ ಕುಲುಮಿ ಹೊತ್ತಿಸಿ ಮಧ್ಯಾಹ್ನತನಕ ಇವನ ಹಾದಿ ನೋಡೀವಿರೀ. ಹಚ್ಚು ಅಂದವರು ಯಾಕ ಹಾದಿ ನೋಡ್ತಾರ?"

ಎಷ್ಟು ಸರಳವಾದ ಪ್ರಶ್ನೆ! ಯಾರೂ ಅದಕ್ಕೆ ಉತ್ತರ ಹುಡುಕಲಿಲ್ಲ. ಸಾವಕಾರರು, "ನಮ್ಮ ಮನಿ ಕಬ್ಬಿಣ ಇನ್ನ ನಿನ್ನ ಕೈಯಾಗ ಬ್ಯಾಡ," ಅಂದರು. ಹೊಡೆಯಲಿಲ್ಲ, ಬೈಯಲಿಲ್ಲ. ಅಷ್ಟು ಸಾಕಾಯಿತು. ಒಬ್ಬೊಬ್ಬರಾಗಿ ನೇಗಿಲಿನ ಕುಳ ಬೇರೆ ಊರಿಗೆ ಒಯ್ದರು. ಆ ರಾಶಿಯಲ್ಲಿ ಯಾವ ಕಣದಲ್ಲೂ ಅವನ ಪಾಲು ತೆಗೆದಿಡಲಿಲ್ಲ. ಯುಗಾದಿಗೆ ಮುಂಚೆ ಗಂಡ ಹೆಂಡತಿ ಊರು ಬಿಟ್ಟರು. ತಾಂಡೂರಿನ ಕಲ್ಲುಗಣಿಯಲ್ಲಿ ಉಳಿ ಹದ ಮಾಡಿಕೊಂಡು ಇದ್ದಾನೆ ಎಂದು ಆಮೇಲೆ ಕೇಳಿದೆ. ಆಗಲಾದರೂ ಹೋಗಬಹುದಿತ್ತು. ಹೋಗಲಿಲ್ಲ.

ಗೌರವ್ವನ ಎಲುಬು ಕೂಡಿತು, ಆದರೆ ಅಂಗೈ ಮೇಲ್ಮುಖ ತಿರುಗದಾಯಿತು. ಎಡಗೈ ಅದು—ಲಿಂಗ ಹಿಡಿದು ಪೂಜೆ ಮಾಡುವ ಕೈ. ಅಂದಿನಿಂದ ಸೊಸೆ ತನ್ನ ಅಂಗೈಯಲ್ಲಿ ಹಿಡಿಯುತ್ತಾಳೆ, ಇವರು ಬಲಗೈಯಿಂದ ಹೂ ಏರಿಸುತ್ತಾರೆ. ಒಮ್ಮೆ ನನ್ನ ಮುಖ ನೋಡಿ, "ನೀ ಯಾಕ ಸಣ್ಣ ಮುಖಾ ಮಾಡ್ತಿ ತಮ್ಮಾ? ಕಮ್ಮಾರ ಹೇಳಿದಂಗ ಮಾಡೀದಿ, ನಿಂದೇನ್ ತಪ್ಪು?" ಅಂದರು. ಅವರು ಬೈದಿದ್ದರೆ ನಾನು ಅವತ್ತೇ ಬಾಯಿಬಿಡುತ್ತಿದ್ದೆನೋ ಏನೋ. ಇಲ್ಲ, ಅದೂ ಸುಳ್ಳು. ಬಿಡುತ್ತಿರಲಿಲ್ಲ.

ಪಟ್ಟಿಯ ಒಂದು ತುಂಡನ್ನು ಹದಿನಾರು ವರ್ಷ ಡ್ರೈವರ್ ಸೀಟಿನ ಕೆಳಗೆ ಇಟ್ಟುಕೊಂಡೆ. ಸಾವಕಾರರು ಹೊಸ ಮೋಟಾರು ತೆಗೆದುಕೊಂಡಾಗ ಅದರೊಳಕ್ಕೂ ತಂದೆ. ಯಾಕೆ ಅಂತ ಕೇಳಬೇಡಿ.

ಹೋದ ವಾರ ಸಾವಕಾರರ ಮನೆಗೆ ಹಾಸುಗಲ್ಲು ನೋಡಲು ತಾಂಡೂರಿಗೆ ಹೋಗಬೇಕಾಯಿತು. ಗಣಿಯ ಬದಿಯಲ್ಲಿ, ಚಪ್ಪಡಿ ಕಲ್ಲು ಹೊದಿಸಿದ ನೆರಳಿನಲ್ಲಿ, ಮೋನಪ್ಪ ಕೂತಿದ್ದ. ಒಬ್ಬನೇ. ನೀಲಮ್ಮ ಎಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೆಂಕಿ ನೋಡಿ ನೋಡಿ ಅವನ ಕಣ್ಣಿನ ಮೇಲೆ ಬಿಳಿ ಪೊರೆ ಬಂದಿದೆ. ಉಳಿಯನ್ನು ಸಣ್ಣ ಬೆಂಕಿಯಲ್ಲಿ ಕಾಸಿ, ಒಣ ಕಡ್ಡಿಯನ್ನು ಅದಕ್ಕೆ ತಿಕ್ಕಿ, ಹೊಗೆಯನ್ನು ಮೂಸಿ ನೋಡುತ್ತಿದ್ದ. ಕಣ್ಣಿಗೆ ಕಾಣದ್ದನ್ನು ಮೂಗಿನಿಂದ ತಿಳಿಯುತ್ತಿದ್ದ. ಒಂದು ಉಳಿಯನ್ನೂ ಹಾಗೇ ಬಿಡಲಿಲ್ಲ.

ಗಾಡಿಗೆ ಹೋಗಿ ತುಂಡನ್ನು ತಂದು ಅವನ ಕೈಯಲ್ಲಿಟ್ಟೆ. ಮುರಿದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದ.

"ಯಾರು ಹಚ್ಚ್ಯಾರ ಇದಕ್ಕ? ಒಂದು ಕಾವು ಬಾಕಿ ಇತ್ತಲ್ಲ."

"ಯಾರೋ ಡ್ರೈವರ್," ಅಂದೆ.

"ಯಾವೂರಪ್ಪ ನಿಂದು?"

"ಜಹೀರಾಬಾದ್."

ನೋಡಿದಿರಾ? ಅವನ ಎದುರಿಗೆ, ಅವನ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಇನ್ನೂ ಎರಡು ಸುಳ್ಳು. ಅವನು ತಲೆಯಾಡಿಸಿದ. ತುಂಡನ್ನು ಪಕ್ಕಕ್ಕೆ ಇಟ್ಟುಕೊಂಡ.

"ಇರಲಿ ಬಿಡು. ಕಮಾನಿಗಿ ಬರಾಂಗಿಲ್ಲ, ಉಳಿ ಮಾಡಾಕ ಬರ್ತದ. ಬಾಕಿ ಕಾವು ಕೊಡ್ತೀನಿ. ಅಮಾಸಿ ಮುಗದ ಮ್ಯಾಲ ಬಾ."

ಅದೇ ಮಾತು. ಅವನು ಎಲ್ಲರಿಗೂ ಅದನ್ನೇ ಹೇಳುತ್ತಾನೋ, ನನ್ನ ದನಿ ಗುರುತಿಸಿ ಹೇಳಿದನೋ—ಗೊತ್ತಿಲ್ಲ. ಗಾಡಿಗೆ ಬಂದು ಊರಿನ ಕಡೆ ತಿರುಗಿಸಿದೆ.

ನಿನ್ನೆ ಗೌರವ್ವನ ಮುಂದೆ, ಸಾವಕಾರರ ಮುಂದೆ ಎಲ್ಲ ಹೇಳಿದೆ. ಗೌರವ್ವ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಮೋಟಾರಿನ ಕೀಲಿಯನ್ನು ಸಾವಕಾರರ ಮುಂದೆ ಇಟ್ಟು ಬಂದಿದ್ದೇನೆ. ಅವರು ಅದನ್ನು ತೆಗೆದುಕೊಳ್ಳಲೂ ಇಲ್ಲ, ತಗೋ ಅನ್ನಲೂ ಇಲ್ಲ. ಊರೆಲ್ಲ ನಂಬಿದ ಸುಳ್ಳಾದ್ದರಿಂದ ಇದನ್ನು ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಬರೆದಿದ್ದೇನೆ: ಮೋನಪ್ಪ ಹಚ್ಚಬೇಡ ಅಂದಿದ್ದ. ಎರಡು ಸಲ ಅಂದಿದ್ದ.

ಬರುವ ಅಮಾವಾಸ್ಯೆ ಮುಗಿದ ಮರುದಿನ ತಾಂಡೂರಿಗೆ ಹೋಗುತ್ತೇನೆ, ಬಸ್ಸಿನಲ್ಲಾದರೂ ಸರಿ, ಎತ್ತಿನ ಬಂಡಿಯಲ್ಲಾದರೂ ಸರಿ. ಆದರೆ ಒಮ್ಮೆ ಹೋಗಿ ಬಾಯಿ ಕಟ್ಟಿ ಬಂದವನು ನಾನು. ನಿಮ್ಮಲ್ಲಿ ಯಾರಾದರೂ ಹೀಗೆ ತಪ್ಪು ಮಾಡಿ, ಆ ಮನುಷ್ಯನ ಮುಂದೆಯೇ ಹೋಗಿ ನಿಂತವರಿದ್ದರೆ ದಯವಿಟ್ಟು ಬರೆಯಿರಿ. ಅವರು ಕ್ಷಮಿಸಿದರೇ ಎಂದು ನಾನು ಕೇಳುತ್ತಿಲ್ಲ. ಅವರಿಗೆ ನಿಮ್ಮ ಹೆಸರು, ಊರು ಹೇಳಿದ ಮೇಲೆ ಮೊದಲ ಮಾತು ಯಾವುದು ಆಡಿದಿರಿ—ಅಷ್ಟು ಬರೆಯಿರಿ.