ಕೈ ತೊಳೆಸಿ ಬಳೆ ಇಡಿಸುತ್ತಿದ್ದ ಖಾಲಾ

ನಮಗೆಲ್ಲ ಚಿಕ್ಕಮ್ಮನಂತಿದ್ದ ಹಸೀನಾ ಖಾಲಾನ ಮುಖದಲ್ಲಿ ಎಲ್ಲಕ್ಕಿಂತ ಮೊದಲು ಕಾಣುತ್ತಿದ್ದದ್ದು ಸೊಟ್ಟಗೆ ಮಾಡಿದ ಮೂಗು. ಭಾಲ್ಕಿಯ ನಮ್ಮ ಓಣಿಯಲ್ಲಿದ್ದ ಅವಳ ಬಳೆ ಅಂಗಡಿಯ ಕಟ್ಟೆ ಹತ್ತಿ ಯಾರು ಕೈ ಚಾಚಿದರೂ, ಅದನ್ನು ಎರಡು ಬೆರಳಲ್ಲಿ ಎತ್ತಿ, ಹುಳುಕು ಬದನೆಕಾಯಿಯಂತೆ ತಿರುಗಿಸಿ ನೋಡಿ, "ಛೀ, ಇದೇನ್ ಕೈ? ಅಲ್ಲಿ ಬಕೀಟ ಅದ, ತೊಳಕೊಂಡ ಬಾ" ಅನ್ನುತ್ತಿದ್ದಳು. ಬಾಗಿಲ ಪಕ್ಕ ಒಂದು ತಗಡಿನ ಬಕೀಟು, ಮೊಳೆಗೆ ದಾರ ಕಟ್ಟಿ ತೂಗುಬಿಟ್ಟ ಕೆಂಪು ಸಾಬೂನು. ಮನೆಯಲ್ಲೇ ತೊಳೆದುಕೊಂಡು ಬಂದಿದ್ದೇನೆ ಅಂದರೆ ಅವಳು ಒಪ್ಪುತ್ತಿರಲಿಲ್ಲ. ತಾನು ಕಣ್ಣಾರೆ ನೋಡಬೇಕು. ಅಧಿಕಾರಿಯ ಹೆಂಡತಿಯಾದರೂ ಅಷ್ಟೇ, ಕಳೆ ತೆಗೆದು ಬಂದವಳಾದರೂ ಅಷ್ಟೇ. ಕಂಡದ್ದಕ್ಕೆಲ್ಲ ಹೇಸುವ ನನ್ನ ಸ್ವಭಾವ ಬಹುಶಃ ಅವಳಿಂದಲೇ ನನಗೆ ಅಂಟಿತು.

ತೊಳೆದ ಕೈ ಅವಳ ಮಡಿಲಿಗೆ ಬಂದ ಮೇಲೆ ಮಾತ್ರ ಅವಳು ಬೇರೆಯೇ ಹೆಂಗಸಾಗುತ್ತಿದ್ದಳು. ಸಾಬೂನಿನ ನೊರೆ ಹಚ್ಚಿ, ಗೆಣ್ಣುಗಳನ್ನು ಮೆಲ್ಲಗೆ ಹಿಸುಕುತ್ತ, ನಮ್ಮ ಮನೆಯ ಸುದ್ದಿ ಕೇಳುತ್ತ ಕೂರುವಳು. ಎಲುಬೇ ಮೆತ್ತಗಾದಂತೆ ಅನಿಸುತ್ತಿತ್ತು. ಯಾವಾಗ ಬಳೆ ಏರಿತೆಂದು ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ಒಂದು ಬಳೆ ಹೆಚ್ಚಿಗೆ ಇಡಿಸಿ ತಲೆ ಸವರುತ್ತಿದ್ದಳು. ಬಳೆಯನ್ನು ಕಾಗದದಲ್ಲಿ ಕಟ್ಟಿಕೊಡು ಅಂದವರನ್ನು ಕಟ್ಟೆಯಿಂದ ಇಳಿಸಿದ್ದನ್ನು ನಾನೇ ಕಂಡಿದ್ದೇನೆ. "ಕಟ್ಟಿ ಮಾರೋದು ಕಿರಾಣಿಯವ್ರ ಕೆಲಸ. ನಾ ಬಳಿ ಇಡಸಾಕಿ" ಅನ್ನುತ್ತಿದ್ದಳು.

ಮಳೆ ಬಾರದ ಒಂದು ವರ್ಷ ನಳ ಒಣಗಿ ಓಣಿಗೆ ಟ್ಯಾಂಕರ್ ಬರುತ್ತಿತ್ತು. ಠಾಣಾ ಕುಶನೂರ ಕಡೆಯ ಹೆಂಗಸರು ಪುಣೆಗೆ ಕಟ್ಟಡದ ಕೆಲಸಕ್ಕೆ ಹೊರಡುವಾಗ, ಬರಿಗೈಯಲ್ಲಿ ಊರು ಬಿಡಬಾರದೆಂದು ಖಾಲಾನ ಹತ್ತಿರ ಬಳೆ ಇಡಿಸಿಕೊಂಡು ರೈಲು ಹತ್ತುತ್ತಿದ್ದರು. ಆ ಬಿರುಕು ಬಿಟ್ಟ ಕೈಗಳಿಗೂ ಮೂಗು ಸೊಟ್ಟ ಮಾಡಿಯೇ ನೀರು ಕೊಟ್ಟಳು. ಆ ಬೇಸಿಗೆಯಲ್ಲಿ ತನ್ನ ಸ್ನಾನ ಬಿಟ್ಟಳೇ ಹೊರತು ಬಕೀಟು ಬಿಡಲಿಲ್ಲ.

ಮುಂದೆ ಕೊರೋನಾ ಬಂತು. ಪುಣೆಗೆ ಹೋದವರು ನಡೆದು, ಲಾರಿ ಹತ್ತಿ ವಾಪಸಾದರು. ಊರೆಲ್ಲ ಕೈ ತೊಳೆಯತೊಡಗಿತು. "ಇಷ್ಟ ದಿನ ನಾ ಒದರಿದ್ದು ಈಗ ಸರಕಾರ ಒದರಲಾಕತ್ತದ" ಎಂದು ಖಾಲಾ ನಕ್ಕಳು. ಆ ನಗು ಬಹಳ ದಿನ ಉಳಿಯಲಿಲ್ಲ. ಅಂಗಡಿ ತೆರೆಯಲು ಬಿಟ್ಟ ಮೇಲೂ ಹೆಂಗಸರು ಅವಳ ಕಟ್ಟೆ ಕಂಡರೆ ರಸ್ತೆಯ ಆಚೆ ಬದಿಗೆ ದಾಟತೊಡಗಿದರು. ಮುಸಲ್ಮಾನರ ಕೈಯಿಂದಲೇ ರೋಗ ಹರಡುತ್ತದೆ ಎನ್ನುವ ಯಾವುದೋ ಹೊಲಸು ವಿಡಿಯೋ ಮೊಬೈಲಿಂದ ಮೊಬೈಲಿಗೆ ಹರಿದಾಡಿತ್ತು. ಜೀವಮಾನವಿಡೀ ತಮ್ಮ ಕೈ ತೊಳೆಸಿದವಳ ಕೈಗೇ ಈ ಮಂದಿ ಹೇಸಿದರು. ನೆನೆದರೆ ಇಂದಿಗೂ ನನಗೆ ಅಸಹ್ಯವಾಗುತ್ತದೆ.

ಗಂಡ ತೀರಿಕೊಂಡ ಮೇಲೆ ಅವಳಿಗೂ ಮಗಳಿಗೂ ಆ ಅಂಗಡಿಯೊಂದೇ ಅನ್ನ. ಸುಮ್ಮನೆ ಕೂರುವಂತಿರಲಿಲ್ಲ. ಬಾಗಿಲಿಗೆ ಹಗ್ಗ ಕಟ್ಟಿದಳು. ಹೊರಗೆ ಸಾಬೂನು ನೀರಿನ ಬುಟ್ಟಿಯಲ್ಲಿ ಬಳೆ ಮುಳುಗಿಸಿಟ್ಟು, ಯಾರಿಗೆ ಬೇಕೋ ಅವರೇ ಇಟ್ಟುಕೊಳ್ಳಲಿ ಅಂದಳು. ತಾವೇ ಇಟ್ಟುಕೊಂಡು ಯಾರಿಗೆ ರೂಢಿಯಿತ್ತು? ಗೆಣ್ಣು ಮಡಚದೆ ಜೋರಾಗಿ ನೂಕಿ, ಒಡೆದು, ಕೈ ಗೀರಿಕೊಂಡು, ಮಾಲು ಕಚ್ಚಾ ಎಂದು ಅವಳನ್ನೇ ಬೈದು ಹೋದರು.

ಅದೇ ದಿನಗಳಲ್ಲಿ ಓಣಿಯ ಕೊನೆಯ ದೊಡ್ಡ ಮನೆಯಲ್ಲಿ ಮದುವೆ. ಬಳೆ ಕಳಿಸಿರಿ, ನೀವು ಬರಬೇಡಿರಿ ಎಂದು ಹೇಳಿಕಳಿಸಿದರು. ಖಾಲಾ ಮೊದಲ ಸಲ ಹಸಿರು ಬಳೆಗಳನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು. ಮದುಮಗಳ ಕೈಗೆ ಏರಿಸಲು ಹೋದ ಅತ್ತೆಯರ ಕೈಯಲ್ಲಿ ಅವು ಒಂದೊಂದಾಗಿ ಒಡೆದವು. ಮದುಮಗಳ ಬಳೆ ಒಡೆಯುವುದೆಂದರೆ ಸಣ್ಣ ಮಾತೇ? ಅಲ್ಲಿದ್ದವರ ಮುಖ ಕಪ್ಪಿಟ್ಟಿತು. ಖಾಲಾನನ್ನು ಕರೆತರಲು ನನ್ನನ್ನೇ ಓಡಿಸಿದರು.

ಬಂದವಳನ್ನು ಒಳಗೆ ಬಿಡಲಿಲ್ಲ. ಮದುಮಗಳ ತಾಯಿ ಪಕ್ಕದ ಕಿಟಕಿ ತೋರಿಸಿದಳು. ಖಾಲಾ ಉರಿಬಿಸಿಲಲ್ಲಿ, ಗಟಾರದ ಅಂಚಿನ ಮೇಲೆ ನಿಂತಳು. ಹುಡುಗಿ ಸರಳುಗಳ ನಡುವೆ ಕೈ ತೂರಿಸಿದಳು. ನೀರು, ಸಾಬೂನು ಕೇಳಿ, ಆ ಕೈಗಳನ್ನು ತೊಳೆದು, ಖಾಲಾ ಬೇರೆ ಬಳೆ ಇಡಿಸಿದಳು. ಒಂದೂ ಒಡೆಯಲಿಲ್ಲ. ಹುಡುಗಿ ಅವಳ ಬೆರಳು ಹಿಡಿದು ಬಿಡಲೊಲ್ಲದೆ ನಿಂತಾಗ ತಾಯಿ ಕೈ ಎಳೆದುಕೊಂಡು, ಖಾಲಾನ ಕಣ್ಣೆದುರಿಗೇ, ಮಗಳ ಕೈಗೆ ಸ್ಯಾನಿಟೈಸರ್ ಸುರಿದಳು. ಆಮೇಲೆ ಕಿಟಕಿಯ ಕಟ್ಟೆಯನ್ನು ಫಿನಾಯಿಲ್ ಹಾಕಿ ಒರೆಸಿದಳು. ಅದೇ ತಾಯಿ, ಮೂಗು ಒರೆಸಿಕೊಂಡ ಕೈಯಲ್ಲೇ ಒಳಗೆ ಬೂಂದಿ ಬಡಿಸುತ್ತಿದ್ದಳು. ನಾನು ಊಟ ಮಾಡದೆ ಎದ್ದುಬಂದೆ.

ಆ ಕಿಟಕಿಯ ಮುಂದೆ ನಿಂತಾಗಲೇ ಖಾಲಾ ಬೈಯುತ್ತಾಳೆಂದು ನಾನು ಕಾದಿದ್ದೆ. ಅವಳ ಮೂಗು ಸಹ ಅಲುಗಲಿಲ್ಲ. "ಛಲೋ ತೊಳೀರಿ ಅಕ್ಕಾ" ಅಂದಷ್ಟೇ ನಡೆದಳು.

ಮರುದಿನದಿಂದ, ತಾವೇ ಏರಿಸಿಕೊಂಡರೂ ಒಡೆಯದ ತುಸು ಸಡಿಲ ಬಳೆಗಳನ್ನು ಅಳತೆಯ ಪ್ರಕಾರ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿಸತೊಡಗಿದಳು. ಮಗಳು ಫೋನಿನಲ್ಲಿ ಫೋಟೊ ಕಳಿಸಿದಳು. ಜನವಾಡದ, ಔರಾದದ ಅಂಗಡಿಗಳವರು ಡಬ್ಬಿ ಒಯ್ದರು. ಖಾಲಾನ ಕೈ ತಮ್ಮ ಕೈಗೆ ತಾಗುವುದಿಲ್ಲವೆಂದು ನಮ್ಮ ಓಣಿಯವರೂ ಕೊಂಡರು. ವ್ಯಾಪಾರ ಬದುಕಿತು, ಮೊದಲಿಗಿಂತ ಚೆನ್ನಾಗಿಯೇ.

ರೋಗ ಹೋದ ಮೇಲೆ ನಾವು ಬೀದರಿಗೆ ಮನೆ ಬದಲಿಸಿದೆವು. ಹೊರಡುವ ಮುಂಚೆ ಖಾಲಾನ ಅಂಗಡಿಗೆ ಹೋದೆ. ಬಕೀಟು ಬೋರಲಾಗಿತ್ತು, ಅದರ ಮೇಲೆ ಡಬ್ಬಿಗಳ ಸಾಲು. ಮನೆಗೆ ಮರಳಿ, ಸಾಬೂನು ಹಚ್ಚಿ ತೊಳೆದು, ನೀರು ತೊಟ್ಟಿಕ್ಕುವ ಕೈಯನ್ನೇ ಅವಳ ಮುಂದೆ ಚಾಚಿದೆ. ಬೈದಾದರೂ ಹಿಡಿಯಲಿ ಎಂದು ನನ್ನಾಸೆ. ಅವಳು ಕೈ ನೋಡಿದಳು, ನನ್ನ ಅಳತೆಯ ಡಬ್ಬಿ ಮುಂದೆ ಸರಿಸಿದಳು.

"ನೀ ಇಡಸು ಖಾಲಾ" ಅಂದೆ.

ತನ್ನೆರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ ಬೇಟಿ. ಈ ಕೈ ಮಂದಿಗಿ ಹೇಸಿಕಿ ಆದ್ವು. ಇನ್ನ ಯಾರ ಕೈನೂ ಹಿಡಿಯಾಂಗಿಲ್ಲ."

ಮುಂದಿನ ರಮಜಾನಿಗೆ ಅವಳಿರಲಿಲ್ಲ ಎಂದು ಮಗಳಿಂದ ತಿಳಿಯಿತು. ಬೀದರಿನಲ್ಲಿ ಬಳೆ ಅಂಗಡಿಗಳಿಗೇನೂ ಬರವಿಲ್ಲ. ಹಬ್ಬ ಬಂದಾಗ ಹೋಗುತ್ತೇನೆ, ಕೈ ಚಾಚುತ್ತೇನೆ. ತೊಳಕೊಂಡು ಬಾ ಎಂದು ಯಾರೂ ಹೇಳುವುದಿಲ್ಲ.