ಹಲ್ವ ವಿಮೆಯ ಕೆಂಪು ಕಾರು

"ನೀವು ಟ್ಯಾಕ್ಸಿ ಓಡಿಸುತ್ತೀರಾ?" ಎಂದು ಫೋನಿನ ಆ ಕಡೆಯಿಂದ ವಿಮೆ ಕಂಪನಿಯ ಹುಡುಗನ ದನಿ ಕೇಳಿತು.

ಕಿಟಕಿಯಾಚೆ ಹಿಮ ಬೀಳುತ್ತಿತ್ತು. ಮಧ್ಯಾಹ್ನ ಮೂರಕ್ಕೇ ಬೀದಿದೀಪ ಹತ್ತಿತ್ತು. ವೆಸ್ಟೆರಾಸ್ ಎಂಬ ಊರಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ ಎರಡೆರಡು ಸ್ವೆಟರ್ ಹಾಕಿಕೊಂಡು ನಿಂತಿದ್ದ ನನಗೆ, ಧಾರವಾಡದ ಕೃಷಿ ಕಾಲೇಜಿನಲ್ಲಿ ಬೀಜಗಳ ಬಗ್ಗೆ ಎಂ.ಎಸ್ಸಿ. ಮಾಡಿದವಳಿಗೆ, ಇವನು ಯಾಕೆ ಹೀಗೆ ಕೇಳುತ್ತಿದ್ದಾನೆ ಅಂತ ತಿಳಿಯಲಿಲ್ಲ.

"ಇಲ್ಲ. ಕೆಲಸಕ್ಕೆ ಹೋಗಿ ಬರಲಿಕ್ಕೆ ಕಾರು."

"ವರ್ಷಕ್ಕೆ ಹದಿನೈದು ಸಾವಿರ ಮೀಲ್ ಅಂದಿರಲ್ಲ?"

ಮೀಲ್ ಅಂದರೆ ಮೈಲಿ ಇರಬೇಕು ಅಂದುಕೊಂಡು, ಒಂದು ಅಂದಾಜಿನ ಮೇಲೆ ಹೇಳಿದ್ದೆ. ಈ ದೇಶದಲ್ಲಿ ಒಂದು ಮೀಲ್ ಎಂದರೆ ಹತ್ತು ಕಿಲೋಮೀಟರ್. ನಾನು ಹೇಳಿದ ಲೆಕ್ಕದಲ್ಲಿ ವರ್ಷಕ್ಕೆ ಭೂಮಿಯನ್ನು ಮೂರು ಸಲ ಸುತ್ತಿ ಬಂದು ಇನ್ನೂ ಮಿಗುತ್ತಿತ್ತು. ಅವನು ನಗಲಿಲ್ಲ, ಪಾಪ. ನಿಧಾನವಾಗಿ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದ. ನಾನು ಫೋನಿಟ್ಟು ಅಲ್ಲೇ ಹೀಟರಿನ ಪಕ್ಕ ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ. ಈ ದೇಶಕ್ಕೆ ಬಂದ ಮೇಲೆ ಒಬ್ಬಳೇ ಹಾಗೆ ನಕ್ಕಿದ್ದು ಅದೇ ಮೊದಲು.

ಗಂಡ ಪ್ರಕಾಶ್ ವಿದ್ಯುತ್ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್. ಬೆಂಗಳೂರಿನವರು. ಅವರು ಬೆಳಿಗ್ಗೆ ಸೈಕಲ್ಲಿನಲ್ಲಿ ಆಫೀಸಿಗೆ ಹೋದರೆ ನನಗೆ ಇಡೀ ದಿನ ಬಿಳಿ ಬೆಳಕು, ಮತ್ತು ಮೌನ. ನಮ್ಮಲ್ಲಿ ಮೌನ ಬೇಕೆಂದರೆ ಬಾಗಿಲು ಹಾಕಿಕೊಳ್ಳಬೇಕು. ಇಲ್ಲಿ ಸದ್ದು ಬೇಕೆಂದರೆ ಬಾಗಿಲು ತೆರೆಯಬೇಕು, ತೆರೆದರೂ ಎಲ್ಲೋ ದೂರದಲ್ಲಿ ಹಿಮ ಗುಡಿಸುವ ಗಾಡಿಯ ಸದ್ದು ಮಾತ್ರ. ಸ್ವೀಡಿಷ್ ತರಗತಿಯಲ್ಲಿ ಕಲಿತ ವಾಕ್ಯಗಳನ್ನು ಅಡುಗೆ ಮಾಡುತ್ತ ಒಗ್ಗರಣೆಗೆ ಕೇಳಿಸುತ್ತಿದ್ದೆ.

ಹಾಗಿರುವಾಗ ಒಂದು ಕೆಲಸ ಸಿಕ್ಕಿತು. ಊರಾಚೆ, ಹೊಲಗಳ ನಡುವೆ, ಬೀಜ ಪರೀಕ್ಷೆ ಮಾಡುವ ಒಂದು ಸಣ್ಣ ಪ್ರಯೋಗಾಲಯ. ಗೋಧಿ, ಬಾರ್ಲಿ, ಸಾಸಿವೆ ಬೀಜಗಳನ್ನು ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟು ಎಷ್ಟು ಮೊಳೆಯುತ್ತವೆ ಅಂತ ನೋಡುವುದು. ನಾನು ಓದಿದ್ದೇ ಅದು. ಆದರೆ ಅಲ್ಲಿಗೆ ಬಸ್ಸು ಬೆಳಿಗ್ಗೆಗೊಂದು, ಸಂಜೆಗೊಂದು. ಶನಿವಾರ, ಭಾನುವಾರ ಅದೂ ಇಲ್ಲ. ಬೀಜಕ್ಕೆ ಶನಿವಾರ ಗೊತ್ತಾಗುತ್ತದೆಯೇ? "ಕಾರಿದ್ದರೆ ಮುಂದಿನ ತಿಂಗಳಿಂದ ಬನ್ನಿ," ಅಂದಿದ್ದರು ಅಲ್ಲಿಯ ಮುಖ್ಯಸ್ಥೆ.

ಹಳೆಯ ಕೆಂಪು ಕಾರೊಂದನ್ನು ನೋಡಿ ಇಟ್ಟೆವು. ಕಾರು ಸಿಗುವುದು ಸುಲಭ. ವಿಮೆ ಕಷ್ಟ. ಪ್ರಕಾಶ್ ಹೆಸರಿನಲ್ಲಿ ಕೇಳಿದಲ್ಲೆಲ್ಲ ಹೇಳಿದ ಮೊತ್ತ ಕೇಳಿ ತಲೆ ತಿರುಗಿತು. ಗಂಡಸಿಗೂ ಹೆಂಗಸಿಗೂ ಬೇರೆ ಬೇರೆ ಕಂತು ಇದ್ದ ಕಾಲ ಅದು. ಮೂವತ್ತು ದಾಟದ ಗಂಡಸು, ಈ ದೇಶದಲ್ಲಿ ಓಡಿಸಿದ ಅನುಭವವಿಲ್ಲ. ಬೆಂಗಳೂರಿನಲ್ಲಿ ಅಪಘಾತವಿಲ್ಲದೆ ಓಡಿಸಿದ ವರ್ಷಗಳು ಇಲ್ಲಿ ಲೆಕ್ಕಕ್ಕಿಲ್ಲ. "ಸಿಲ್ಕ್ ಬೋರ್ಡ್ ಜಂಕ್ಷನ್ನಲ್ಲಿ ಓಡಿಸಿದೀನಿ ಅಂದ್ರೆ ಇವ್ರೇ ದುಡ್ಡು ಕೊಡ್ಬೇಕು ಕಣೇ," ಅಂತ ಪ್ರಕಾಶ್ ಗೊಣಗಿದರು.

ಟ್ಯಾಕ್ಸಿಯೇ ಎಂದು ಕೇಳಿದ್ದ ಹುಡುಗನಿಗೇ ಮರುದಿನ ಮತ್ತೆ ಫೋನ್ ಮಾಡಿದೆ. ಅವನ ಹೆಸರು ಯೋಹಾನ್. ಅವನು ಸುಮ್ಮನೆ ಕೇಳುವಂತೆ ಕೇಳಿದ, "ಕಾರು ನಿಮ್ಮ ಹೆಸರಿನಲ್ಲಿ ಇದ್ದರೆ?"

"ನನ್ನ ಹೆಸರಿನಲ್ಲಾ?"

"ಹೆಂಗಸರಿಗೆ ಕಂತು ಬಹಳ ಕಡಿಮೆ. ಆದರೆ ಒಂದು ಮಾತು. ಹೆಸರಿಗಷ್ಟೇ ಆಗಬಾರದು. ಹೆಚ್ಚು ಓಡಿಸುವವರು ನಿಜವಾಗಿಯೂ ನೀವೇ ಆಗಿರಬೇಕು. ಇಲ್ಲದಿದ್ದರೆ ಪರಿಹಾರದ ಹೊತ್ತಿಗೆ ತೊಂದರೆ."

ಧಾರವಾಡದಲ್ಲಿ ಆರ್.ಟಿ.ಒ. ಮೈದಾನದಲ್ಲಿ ಎಂಟರ ಆಕಾರ ಸುತ್ತಿ ಲೈಸೆನ್ಸ್ ತೆಗೆದುಕೊಂಡವಳು ನಾನು. ಅದಾದ ಮೇಲೆ ಓಡಿಸಿದ್ದು ಕಡಿಮೆ. ಅಣ್ಣ ಕೀಲಿ ಕೊಡುತ್ತಿರಲಿಲ್ಲ. ನನ್ನ ಹೆಸರಿನಲ್ಲಿ ಊರಲ್ಲಿ ಏನಿತ್ತು? ಅಂಕಪಟ್ಟಿ, ಒಂದು ಬ್ಯಾಂಕ್ ಪಾಸ್‌ಬುಕ್. ಈಗ ಯಾರೋ ಯೋಹಾನ್ ಎಂಬವನು ಒಂದಿಡೀ ಕಾರನ್ನು ನನ್ನ ಹೆಸರಿಗೆ ಬರೆಯೋಣವೇ ಅನ್ನುತ್ತಿದ್ದ. ಹೂಂ ಅಂದೆ.

ಆಮೇಲೆ ಯಾವ ವಿಮೆ ಎಂಬ ಪ್ರಶ್ನೆ ಬಂತು. ಇಲ್ಲಿ ಮೂರು ಬಗೆ. ಒಂದು ಟ್ರಾಫಿಕ್ ವಿಮೆ, ಕಡ್ಡಾಯ. ಅದರ ಮೇಲೆ 'ಹಲ್ವ್' ಎಂದರೆ ಅರ್ಧ: ಕಳವು, ಬೆಂಕಿ, ಒಡೆದ ಗಾಜು, ಕೆಟ್ಟು ನಿಂತರೆ ಎಳೆದೊಯ್ಯುವುದು. ಕೊನೆಯದು 'ಹೇಲ್', ಎಂದರೆ ಪೂರ್ತಿ: ನಾವೇ ಗುದ್ದಿಸಿಕೊಂಡರೂ ನಮ್ಮ ಕಾರಿನ ರಿಪೇರಿ ಸಿಗುತ್ತದೆ. ರಾತ್ರಿ ಊಟಕ್ಕೆ ಕೂತು ನಾನು ಇದನ್ನು ಪ್ರಕಾಶ್‌ಗೆ ವಿವರಿಸುವಾಗ ಇಬ್ಬರೂ ಒಟ್ಟಿಗೇ ಕೇಳಿಸಿಕೊಂಡೆವು.

"ಏನಂದೆ? ಇನ್ನೊಂದ್ಸಲ ಹೇಳು."

"ಹಲ್ವ. ಅಥವಾ ಹೇಲ್."

ಪ್ರಕಾಶ್ ತಟ್ಟೆ ದೂರ ಸರಿಸಿ ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ನನ್ನ ಕಣ್ಣಲ್ಲಿ ನೀರು. ಕೆಳಗಿನ ಮನೆಯವರು ಏನಂದುಕೊಂಡರೋ. ನಗು ನಿಂತ ಮೇಲೆ ಪ್ರಕಾಶ್, "ಹೆಸರು ಏನಾದ್ರೂ ಇರ್ಲಿ, ಪೂರ್ತಿದೇ ತಗೊಳ್ಳೋಣ. ನೀನು ಹೊಸಬಳು," ಅಂದರು.

"ಕಾರಿಗಿಂತ ಅದರ ವಿಮೇನೇ ಹೆಚ್ಚಾಗತ್ತೆ ರೀ. ಹಳೇ ಗಾಡಿ. ಹಲ್ವ ಸಾಕು."

ಕಾರು ನನ್ನದು, ಹಾಗಾಗಿ ಮಾತು ನನ್ನದೇ ನಡೆಯಿತು.

ವಸಂತ ಬಂತು. ಬರ್ಚ್ ಮರಗಳು ಒಂದೇ ವಾರದಲ್ಲಿ ಹಸುರಾದವು. ನಾನು ದಿನಾಲೂ ಹೊಲಗಳ ನಡುವೆ ಓಡಿಸಿದೆ. ಮೊದಲು ಭಯ, ಮೈಯೆಲ್ಲ ಬೆವರು. ಬರಬರುತ್ತ ಆ ಮುಕ್ಕಾಲು ಗಂಟೆಯೇ ದಿನದ ನನ್ನ ಸ್ವಂತ ಹೊತ್ತಾಯಿತು. ಊರಲ್ಲಿ ಗಾಡಿ ಓಡಿಸುವುದೆಂದರೆ ಸಾವಿರ ಜನರ ಜೊತೆ ಮಾತಾಡುತ್ತ ಹೋದ ಹಾಗೆ: ಹಾರ್ನು, ಸನ್ನೆ, ಬೈಗುಳ, ಕ್ಷಮೆ. ಇಲ್ಲಿ ರಸ್ತೆ ಏನೂ ಕೇಳುವುದಿಲ್ಲ. ಬೇಸಿಗೆಯಲ್ಲಿ ಮನೆಗೆ ಮರಳುವಾಗಲೂ ಬಿಸಿಲು. ಹಳದಿ ಸಾಸಿವೆ ಹೊಲ, ಕೆಂಪು ಬಣ್ಣದ ಮರದ ಮನೆ, ದೂರದಲ್ಲಿ ಮೇಲಾರೆನ್ ಸರೋವರದ ಒಂದು ತುಂಡು ಹೊಳಪು. ಕಿಟಕಿ ಇಳಿಸಿ ಜೋರಾಗಿ ಧಾರವಾಡದ ಕನ್ನಡದಲ್ಲಿ ನನ್ನಷ್ಟಕ್ಕೆ ಮಾತಾಡುತ್ತಿದ್ದೆ. ವೆಸ್ಟೆರಾಸ್‌ನ ಕನ್ನಡ ಗೆಳೆಯರ ನಡುವೆ ಬೆಂಗಳೂರು ಕನ್ನಡವನ್ನೇ ಆಡಿ ಆಡಿ ನಾಲಿಗೆಗೆ ಒಂದು ಬಿಗಿ ಬಂದಿತ್ತು. ಕಾರಿನಲ್ಲಿ ಅದು ಸಡಿಲಾಗುತ್ತಿತ್ತು.

ಶರತ್ಕಾಲದ ಒಂದು ಶನಿವಾರ, ಮೊಳಕೆಯ ತಟ್ಟೆಗಳನ್ನು ನೋಡಲು ಹೋಗಬೇಕಿತ್ತು. ಪ್ರಕಾಶ್ ಜೊತೆಗೆ ಬಂದರು. ಮಧ್ಯಾಹ್ನ ಮರಳುವಾಗ ಸರೋವರದ ಕಡೆಯಿಂದ ಮಂಜು ಎದ್ದು ರಸ್ತೆ ತುಂಬಿತು. ನಿಧಾನವಾಗಿಯೇ ಹೋಗುತ್ತಿದ್ದೆ. ಪೈನ್ ಕಾಡಿನ ತಿರುವಿನಲ್ಲಿ ಮಂಜಿನ ಒಂದು ಭಾಗ ಗಟ್ಟಿಯಾಯಿತು, ಕಾಲುಗಳು ಮೂಡಿದವು. ಎಲ್ಯ್ ಎಂಬ ಕಾಡುಪ್ರಾಣಿ. ನಮ್ಮ ಕಡವೆಯ ಜಾತಿಯದೇ, ಆದರೆ ಕುದುರೆಗಿಂತ ಎತ್ತರ. ಅದು ನನ್ನನ್ನು ನೋಡಿತು. ಆ ನೋಟದಲ್ಲಿ ಗಾಬರಿಯಿರಲಿಲ್ಲ. ಎಲ್ಲಿಂದ ಬಂದವಳು ನೀನು ಅಂತ ಕೇಳಿದ ಹಾಗಿತ್ತು.

ಬ್ರೇಕ್ ತುಳಿದು ಅದರ ಬೆನ್ನ ಹಿಂದಕ್ಕೆ ತಿರುಗಿಸಿದೆ. ಒಂದು ಮೆತ್ತನೆಯ ಭಾರವಾದ ಸದ್ದು. ಆಮೇಲೆ ಆಕಾಶ ಓರೆಯಾಯಿತು, ಕಾರು ಚರಂಡಿಗಿಳಿದು ಬಂಡೆಗೆ ಬಡಿದು ನಿಂತಿತು.

"ಅಯ್ಯ, ಎಲ್ಲೆ ಬಡೀತ್ರಿ? ಮಾತಾಡ್ರೀ! ಸುಮ್ಕ ಕೂಡಬ್ಯಾಡ್ರಿ!"

"ಭುಜ... ಕೈ ಎತ್ತಕ್ ಆಗ್ತಿಲ್ಲ. ನಿಂಗೇನಾಯ್ತು?"

"ನನಗೇನೂ ಆಗಿಲ್ರಿ. ನೀವು ಅಲುಗಾಡಬ್ಯಾಡ್ರಿ."

ಸಹಾಯದ ನಂಬರಿಗೆ ಫೋನ್ ಮಾಡಿದೆ. ಸ್ವೀಡಿಷ್ ಬಾಯಿಗೆ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ, ಕೊನೆಗೆ ಹೇಗೋ ಎರಡೂ ಬೆರೆಸಿ ಹೇಳಿದೆ. ಆಂಬುಲೆನ್ಸ್ ಬರುತ್ತದೆ, ಯಾರೂ ಮೈ ಕದಲಿಸಬೇಡಿ ಅಂದರು. ನಂತರ ಆ ದನಿ ಕೇಳಿತು: "ಪ್ರಾಣಿ ಯಾವ ಕಡೆ ಹೋಯಿತು?"

ನಮ್ಮೂರಿನ ರಸ್ತೆಯಲ್ಲಾದರೆ ಅಷ್ಟರಲ್ಲಿ ನೂರು ಜನ ಸೇರುತ್ತಿದ್ದರು. ನೀರು ಕುಡಿಸುವವರು, ತಪ್ಪು ಯಾರದೆಂದು ತೀರ್ಮಾನಿಸುವವರು, ಎತ್ತಿ ಆಸ್ಪತ್ರೆಗೆ ಒಯ್ಯುವವರು. ಇಲ್ಲಿ ಮಂಜು ಮಾತ್ರ ಸುತ್ತ ಸೇರಿ ನಿಂತಿತ್ತು. ಆ ನೂರು ಜನರಿಗಾಗಿ, ಬೈಯುವವರಿಗಾಗಿ ಕೂಡ, ನನ್ನ ಜೀವ ಹಂಬಲಿಸಿತು.

ಸ್ವಲ್ಪ ಹೊತ್ತಿಗೆ ಕಾಡಂಚಿನಿಂದ ಒಂದು ಬೂದುಬಣ್ಣದ ನಾಯಿ, ಅದರ ಹಿಂದೆ ಒಬ್ಬ ಮುದುಕಿ ಬಂದರು. ಹೆಗಲಲ್ಲಿ ಬಂದೂಕು. ಕನಸಿನಲ್ಲೂ ಹಾಗೆ ಯಾರೂ ಬರುವುದಿಲ್ಲ. "ಇಂಗ್ರಿದ್," ಎಂದು ಎದೆ ಮುಟ್ಟಿಕೊಂಡು ಹೇಳಿದರು. ಗಾಯಗೊಂಡ ಪ್ರಾಣಿಯನ್ನು ಹುಡುಕಿ ಅದರ ನೋವು ಕೊನೆಗಾಣಿಸಲು ಪೊಲೀಸರು ಆ ಭಾಗದ ಬೇಟೆಗಾರರಿಗೆ ಹೇಳಿ ಕಳಿಸುತ್ತಾರಂತೆ. ಹತ್ತಿರದ ಮನೆ ಅವರದೇ. ಮೊದಲು ಪ್ರಕಾಶ್‌ರ ಬಳಿ ಬಗ್ಗಿ, ತಮ್ಮ ಕೋಟು ಬಿಚ್ಚಿ ಹೊದಿಸಿದರು. ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಸುರಿದು ನನ್ನ ಕೈಗಿಟ್ಟರು. ಮುಚ್ಚಳದ ಮೇಲೆ ತಮ್ಮ ಕೈಯನ್ನೂ ಇಟ್ಟು ಹಿಡಿದುಕೊಂಡರು.

"ನಾನೇ ಓಡಿಸುತ್ತಿದ್ದೆ," ಅಂದೆ.

"ಹೌದು. ಚೆನ್ನಾಗಿ ತಿರುಗಿಸಿದ್ದೀಯ. ನೇರ ಬಡಿದಿದ್ದರೆ ಅದು ಗಾಜಿನ ಮೇಲೆ ಬಂದು ಬೀಳುತ್ತಿತ್ತು."

ಆಂಬುಲೆನ್ಸ್ ಬರುವವರೆಗೂ ನಿಂತಿದ್ದು, ನಾನು ತೋರಿಸಿದ ಕಡೆಗೆ ನಾಯಿಯ ಜೊತೆ ನಡೆದು ಮಂಜಿನಲ್ಲಿ ಕರಗಿದರು.

ಪ್ರಕಾಶ್‌ರ ಭುಜದ ಮುಂದಿನ ಕೊರಳೆಲುಬು ಮುರಿದಿತ್ತು. ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದ ಮೇಲೆ ನಾನು ಅವರ ಮುಖ ನೋಡಲಾರದೆ ಒಬ್ಬಳೇ ಊಟ ಮಾಡತೊಡಗಿದೆ. ಕಾರು ನನ್ನದು, ಓಡಿಸಿದವಳು ನಾನು, ಅರ್ಧ ವಿಮೆ ಸಾಕು ಅಂದವಳೂ ನಾನು. ಪ್ರಾಣಿಗೆ ಡಿಕ್ಕಿಯಾದರೆ ಹಲ್ವ ವಿಮೆಯಲ್ಲಿ ಕಾರಿಗೆ ಏನೂ ಸಿಗದು. ಎಳೆದುಕೊಂಡು ಹೋದ ಖರ್ಚಷ್ಟೇ. ಕಾರು ಗುಜರಿಗೆ ಹೋಯಿತು.

ವಿಮೆ ಕಂಪನಿಗೆ ಫೋನ್ ಮಾಡಿದಾಗ ಎತ್ತಿಕೊಂಡವರು ಒಬ್ಬ ಹೆಂಗಸು. ನಾನು ಬಾಯಿಪಾಠ ಮಾಡಿಕೊಂಡಿದ್ದ ಸ್ವೀಡಿಷಿನಲ್ಲಿ, ತಪ್ಪು ನನ್ನದು, ಮಂಜಿತ್ತು, ನಾನು ಇನ್ನೂ ನಿಧಾನ ಹೋಗಬೇಕಿತ್ತು ಅಂತ ಶುರು ಮಾಡಿದೆ.

"ಒಂದು ನಿಮಿಷ. ನಿಮ್ಮ ಗಂಡ ಹೇಗಿದ್ದಾರೆ?"

ಹೇಳಿದೆ.

"ನೀವು?"

ಏನೂ ಆಗಿಲ್ಲ ಅಂದು, ಮತ್ತೆ ತಪ್ಪು ನನ್ನದೇ ಅನ್ನತೊಡಗಿದೆ. ಅವರು ತಡೆದರು. ಆಮೇಲೆ ಹೇಳಿದರು, "ಕಾರಿನೊಳಗಿದ್ದವರಿಗೆ ಆದ ಗಾಯವನ್ನೆಲ್ಲ ಕಡ್ಡಾಯ ವಿಮೆಯೇ ನೋಡಿಕೊಳ್ಳುತ್ತದೆ. ಓಡಿಸಿದವರನ್ನೂ ಸೇರಿಸಿ. ತಪ್ಪು ಯಾರದು ಅಂತ ಅದಕ್ಕೆ ಬೇಕಾಗಿಲ್ಲ."

ನಮ್ಮಲ್ಲಿ ಥರ್ಡ್ ಪಾರ್ಟಿ ಎಂದರೆ ರಸ್ತೆಯಲ್ಲಿರುವ ಇನ್ಯಾರಿಗೋ ಕಟ್ಟುವುದು, ಪೊಲೀಸರಿಗೆ ತೋರಿಸುವುದು. ಇಲ್ಲಿಯದೂ ಹಾಗೇ ಅಂದುಕೊಂಡು ಅದರ ವಿವರವನ್ನೇ ನಾನು ಓದಿರಲಿಲ್ಲ. ಹಲ್ವ, ಹೇಲ್ ಎಂದು ನಾವು ಚರ್ಚಿಸಿದ್ದೆಲ್ಲ ತಗಡಿನ ಬಗ್ಗೆ. ಮನುಷ್ಯರ ಮಾತು ಅದಕ್ಕೂ ಮೊದಲೇ, ಕಡ್ಡಾಯ ವಿಮೆಯಲ್ಲೇ, ಮುಗಿದಿತ್ತು. ಇದನ್ನು ಹೇಳಿದಾಗ ಪ್ರಕಾಶ್ ಪಟ್ಟಿ ಕಟ್ಟಿದ ಕೈ ನೋಡಿಕೊಂಡು, "ಸದ್ಯ. ಇನ್ನಾದ್ರೂ ನನ್ ಜೊತೆ ಕೂತು ಊಟ ಮಾಡ್ತೀಯಾ?" ಅಂದರು.

ಇಂಗ್ರಿದ್ ಅವರೂ ಫೋನ್ ಮಾಡಿದರು. ಹೆಜ್ಜೆಗುರುತು ಸರೋವರದವರೆಗೆ ಇತ್ತಂತೆ, ಎಲ್ಲೂ ರಕ್ತವಿರಲಿಲ್ಲವಂತೆ. "ಈಜಿಕೊಂಡು ಆಚೆ ದಡಕ್ಕೆ ಹೋಗಿದೆ. ಬದುಕುತ್ತದೆ," ಅಂದರು. ಆ ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ.

ಆದರೆ ಕಾರಿನ ಸದ್ದು ಕೇಳಿದರೆ ರಸ್ತೆಯ ಅಂಚಿಗೆ ಸರಿದು ನಿಲ್ಲುತ್ತಿದ್ದೆ. ವಾರದ ದಿನ ಬಸ್ಸು. ಶನಿವಾರಕ್ಕೆ ಮುಖ್ಯಸ್ಥೆಯೇ ಕರೆದೊಯ್ಯುತ್ತಿದ್ದರು, ಅದು ಎಷ್ಟು ದಿನ ನಡೆದೀತು? ನಮ್ಮ ದೇಶದ ಲೈಸೆನ್ಸ್ ಇಲ್ಲಿ ಒಂದೇ ವರ್ಷ ನಡೆಯುವುದು. ಅದೂ ಮುಗಿಯುತ್ತ ಬಂದಿತ್ತು. ಇಲ್ಲಿಯ ಲೈಸೆನ್ಸಿಗೆ ಜಾರುವ ನೆಲದ ಮೇಲೆ ಓಡಿಸುವ ತರಬೇತಿ ಕಡ್ಡಾಯ. ಒಂದು ಬೆಳಿಗ್ಗೆ ಹೆದರುತ್ತಲೇ ಹೋದೆ. ಎಣ್ಣೆ ಸುರಿದ ಹಾಗೆ ಹೊಳೆಯುವ ದಾರಿ. ಕಾರು ತಿರುಗಿತು, ಮರಗಳು, ಆಕಾಶ, ಬೇಲಿ ಎಲ್ಲ ನಿಧಾನವಾಗಿ ನನ್ನ ಸುತ್ತ ಸುತ್ತಿದವು. ಪಕ್ಕದಲ್ಲಿದ್ದ ತರಬೇತುದಾರ ಆಕಳಿಸುವಷ್ಟು ಶಾಂತವಾಗಿ, "ಮತ್ತೊಮ್ಮೆ," ಅಂದ. ಎಷ್ಟು ಸಲವೋ. ಕೊನೆಗೆ ಆ ಜಾರುವಿಕೆಯೊಳಗೆ ಭಯವಿಲ್ಲದ ಒಂದು ಜಾಗ ಸಿಕ್ಕಿತು, ಜೋಲಿಯಲ್ಲಿ ಮಲಗಿದ ಹಾಗೆ. ಪರೀಕ್ಷೆಯಲ್ಲಿ ಮೊದಲ ಸಲ ಫೇಲ್, ಎರಡನೆಯ ಸಲ ಪಾಸ್.

ಹಳೆಯದೇ ಇನ್ನೊಂದು ಕಾರು ಕೊಂಡೆವು, ನೀಲಿ ಬಣ್ಣದ್ದು. ವಿಮೆಗೆ ಯೋಹಾನ್‌ಗೇ ಫೋನ್ ಮಾಡಿದೆ. ಈ ಸಲ ಎಲ್ಲ ಸ್ವೀಡಿಷಿನಲ್ಲಿ. ಪೂರ್ತಿ ವಿಮೆ, ಮೀಲ್ ಲೆಕ್ಕ ಸರಿಯಾಗಿ. ಎಲ್ಲ ಮುಗಿದ ಮೇಲೆ, ಯಾಕೋ ಗೊತ್ತಿಲ್ಲ, ಬಾಯಿಗೆ ಬಂತು: "ಈ ವಿಮೆ ಎಲ್ಲಿಯವರೆಗೆ ನಡೆಯುತ್ತದೆ? ಭಾರತಕ್ಕೆ ಓಡಿಸಿಕೊಂಡು ಹೋದರೆ?"

ಅವನು ಹುಡುಕಿ ನೋಡಿದ. "ಟರ್ಕಿಯವರೆಗೆ ಇದೆ. ಅಲ್ಲಿಂದ ಮುಂದೆ ನಮ್ಮದಿಲ್ಲ. ಯಾವಾಗ ಹೊರಡುತ್ತೀರಿ?"

"ಹೊರಡುವುದಿಲ್ಲ. ಸುಮ್ಮನೆ ಕೇಳಿದೆ."

"ಸುಮ್ಮನೆ ಕೇಳುವವರು ಬಹಳ ಜನ ಇದ್ದಾರೆ," ಅಂದ. ಆಮೇಲೆ, "ನಿಮ್ಮ ದೇಶದಲ್ಲಿ ರಸ್ತೆಯ ಎಡಕ್ಕೆ ಓಡಿಸುತ್ತಾರಲ್ಲವೇ? ಇಲ್ಲೂ ಹಿಂದೆ ಹಾಗೇ ಇತ್ತು, ಗೊತ್ತಾ? ನನ್ನ ಅಮ್ಮ ಚಿಕ್ಕವಳಿದ್ದಾಗ. ಒಂದು ಭಾನುವಾರ ಬೆಳಗಿನ ಜಾವ ದೇಶದ ಗಾಡಿಗಳೆಲ್ಲ ಬಲಕ್ಕೆ ಸರಿದವಂತೆ. ಎಲ್ಲರೂ ನಿಂತರು, ಬದಿ ಬದಲಿಸಿದರು, ಹೊರಟರು. ಅಷ್ಟೇ."

ಒಂದಿಡೀ ದೇಶ, ಒಂದೇ ಬೆಳಿಗ್ಗೆ! ನನಗೆ ನಂಬಲಾಗಲಿಲ್ಲ.

"ಎಲ್ಲರಿಗೂ ಅದು ಅಷ್ಟು ಬೇಗ ರೂಢಿಯಾಯಿತಾ?" ಅಂದೆ.

"ಗಾಡಿ ಓಡಿಸುವಾಗ ಆಯಿತಂತೆ," ಅಂದ ಯೋಹಾನ್. "ಆದರೆ ನನ್ನ ಅಜ್ಜ ಸಾಯುವವರೆಗೂ ರಸ್ತೆ ದಾಟುವ ಮೊದಲು ತಪ್ಪು ಕಡೆಗೇ ನೋಡುತ್ತಿದ್ದ."