ಸಿದ್ಧನಾಗಿ ಬಂದ ಗಂಡ

ತಾಂಡೂರಿನ ಆಸ್ಪತ್ರೆಯೊಂದರಲ್ಲಿ, ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದ ರೋಗಿಗಳನ್ನು ಮೊಬೈಲ್ ಸಂದೇಶಗಳ ಮೂಲಕ ಸಿದ್ಧಗೊಳಿಸುವುದು ನನ್ನ ಕೆಲಸ. ಆ ಬೆಳಿಗ್ಗೆ, ಪಿತ್ತಕೋಶದ ಕಲ್ಲಿನಿಂದ ನರಳುತ್ತಿದ್ದ ಕಾಶಮ್ಮನ ಹೆಸರಿನ ಮುಂದೆ ಹಸಿರು ಗುರುತಿತ್ತು: ಫೋನಿನಿಂದ ಬಂದ ಉತ್ತರಗಳ ಪ್ರಕಾರ ಎಲ್ಲ ಸೂಚನೆಗಳೂ ಪಾಲನೆಯಾಗಿವೆ. ಆದರೂ ಏನಾದರೂ ತಿಂದಿದ್ದೀರಾ ಎಂದು ವಿಚಾರಿಸಿದೆ.

“ರೊಟ್ಟಿ ತಿಂದೇ ಬಂದೀನ್ರಿ,” ಎಂದಳು.

ಪಕ್ಕದಲ್ಲಿ ಬಾಡಿ ಕುಳಿತಿದ್ದ ಗಂಡ ತಲೆಯೆತ್ತಿದ. “ಫೋನ್ ನಂದದರಿ. ಉಣಬ್ಯಾಡ ಅಂತು, ಬಿಟ್ಟೆ. ಬೀಡಿ ಭಿ ಬಿಟ್ಟೀನಿ. ಆಕಿ ಸಲುವಾಗಿ ನಾ ಉಪಾಸ ಹಿಡದೀನ್ರಿ.”

“ಹಂಗಾದ್ರ ಹೊಟ್ಟಿ ಭಿ ನೀವೇ ಕೊಯ್ಸಿಕೋರಿ!” ಎಂದು ಕಾಶಮ್ಮ ಸಿಡಿದಳು.

ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಯಿತು. ಆಕೆ ನೋವನ್ನು ಹೊತ್ತುಕೊಂಡೇ ತನ್ನೂರು ಬೊಮ್ರಾಸಪೇಟಿಗೆ ಮರಳಿದಳು.

ಮನೆಯ ಯಜಮಾನನ ಸಂಖ್ಯೆಗೇ ಸಂದೇಶ ಹೋಗಬೇಕೆಂಬುದು ನಮ್ಮ ನಿಯಮ. ಮೇಲಧಿಕಾರಿ ನಡೆದದ್ದನ್ನು ಕೇಳಿ ನಕ್ಕರು, ನಾನು ನಗಲಿಲ್ಲ. ಅದೇ ಫೋನಿಗೆ, ಕಾಶಮ್ಮನನ್ನು ಹೆಸರು ಹಿಡಿದು ಕರೆದು ಆಕೆಯ ಆಡುಮಾತಿನಲ್ಲೇ ತಿಳಿಹೇಳುವ ಧ್ವನಿಸಂದೇಶಗಳನ್ನು ಕಳುಹಿಸಿದೆ. ಆಕೆಯ ಧ್ವನಿಯಲ್ಲಿ ಉತ್ತರ ಬರುವವರೆಗೆ ಹೊಸ ದಿನಾಂಕಕ್ಕೆ ಹಸಿರು ಗುರುತು ಹಾಕಲಿಲ್ಲ. ಮುಂದಿನ ಸಲ ಆಕೆ ಖಾಲಿ ಹೊಟ್ಟೆಯಲ್ಲಿ ಬಂದಳು, ಗಂಡ ಉಂಡು ಬಂದ. ಶಸ್ತ್ರಚಿಕಿತ್ಸೆ ಸುಸೂತ್ರವಾಗಿ ನಡೆಯಿತು.

ಆದರೆ ಒಮ್ಮೆ ಬಿದ್ದ ಹಸಿರು ಗುರುತನ್ನು ಅಳಿಸಲು ನಮ್ಮ ವ್ಯವಸ್ಥೆಯಲ್ಲಿ ಅವಕಾಶವಿಲ್ಲ. ಹಾಗಾಗಿ ನಮ್ಮ ಯಶಸ್ಸಿನ ಲೆಕ್ಕದಲ್ಲಿ ಆ ಗಂಡನ ಉಪವಾಸವೂ ಸೇರಿಕೊಂಡಿದೆ.